ಕಮಲಾಪುರಕ್ಕೆ ಒಂದು ಟಿಕೆಟ್

ವಾಕ್ ಚಿಕಿತ್ಸಕರಾದ ನಮ್ಮ ಬಳಿಗೆ ಉಗ್ಗುವ ಮಗುವನ್ನು ಕರೆತಂದ ಪೋಷಕರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುವುದು, ‘ಎಷ್ಟು ತಿಂಗಳಲ್ಲಿ ಹೋಗುತ್ತದೆ?’ ಎಂದು. ಎರಡರಿಂದ ಐದು ವರ್ಷದೊಳಗೆ ಕಾಣಿಸಿಕೊಳ್ಳುವ ಉಗ್ಗು ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ಮಾಯವಾಗುತ್ತದೆ. ಒಂಬತ್ತು, ಹತ್ತರ ವಯಸ್ಸಿಗೂ ಉಳಿದಿದ್ದರೆ ಪೂರ್ತಿ ಹೋಗುತ್ತದೆಂಬ ಭರವಸೆಯನ್ನು ನಾನು ಕೊಡುವುದಿಲ್ಲ. ಕೊಡುವವರನ್ನು ನಂಬಬೇಡಿ.

ಬಜೆ ತೇದು ನಾಲಿಗೆಗೆ ಹಚ್ಚಿದ್ದಾಗಿರುತ್ತದೆ, ದರ್ಗಾಕ್ಕೂ ಮಠಕ್ಕೂ ಹರಕೆ ಸಂದಿರುತ್ತದೆ. ಆದರೆ ತೊಂದರೆ ಇರುವುದು ನಾಲಿಗೆಯಲ್ಲಿ ಅಲ್ಲ, ಮಾತಿನ ಚಲನೆಗಳಿಗೆ ಸಮಯ ಹೊಂದಿಸುವ ಮಿದುಳಿನ ಜಾಲದಲ್ಲಿ. ಅನುವಂಶೀಯತೆಯ ಪಾಲು ದೊಡ್ಡದು; ಉಗ್ಗು ಹುಡುಗರಲ್ಲಿ ಹೆಚ್ಚು. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಎಂಬುದು ಬೀದರ್, ಕಲಬುರಗಿಯ ಮಕ್ಕಳಿಗೆ ಸಹಜ. ಉಗ್ಗಿಗೆ ಅದು ಕಾರಣವಲ್ಲ. ಒಂದು ಭಾಷೆಯನ್ನು ಬಿಡಿಸುವ ಅಗತ್ಯವೂ ಇಲ್ಲ.

ಶಿಕ್ಷಕರಿಗೆ ಬೇರೆಯೇ ಅನುಮಾನ. ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೊಡನೆ ವಚನವನ್ನು ಒಮ್ಮೆಯೂ ತಡವರಿಸದೆ ಹೇಳುವ ಹುಡುಗ ತರಗತಿಯಲ್ಲಿ ತನ್ನ ಹೆಸರು ಹೇಳಲು ಒದ್ದಾಡಿದರೆ, ನಾಟಕ ಎನ್ನುತ್ತಾರೆ. ಹಾಡುವಾಗ, ಗುಂಪಿನಲ್ಲಿ ಒಟ್ಟಿಗೆ ಓದುವಾಗ ಉಗ್ಗು ಬಹುಮಟ್ಟಿಗೆ ಕಾಣಿಸುವುದಿಲ್ಲ. ಅಲ್ಲಿ ಲಯ ಹೊರಗಿನಿಂದ ಸಿಗುತ್ತದೆ. ಹೆಸರು ಕಷ್ಟ, ಏಕೆಂದರೆ ಅದಕ್ಕೆ ಬದಲಿ ಪದವಿಲ್ಲ.

ಬದಲಿ ಪದ ಹುಡುಕುವುದರಲ್ಲಿ ಈ ಮಕ್ಕಳು ಮಹಾ ಚತುರರು. ಕಲಬುರಗಿಯಿಂದ ಕಮಲಾಪುರಕ್ಕೆ ಹೋಗಬೇಕಾದ ಹುಡುಗನೊಬ್ಬ ಅದೇ ದಾರಿಯಲ್ಲಿ ಇನ್ನೂ ಮುಂದಿರುವ ಹುಮನಾಬಾದ್‌ಗೆ ಟಿಕೆಟ್ ಪಡೆದು ಕಮಲಾಪುರದಲ್ಲೇ ಇಳಿಯುತ್ತಿದ್ದ. ‘ಕ’ ಸಿಕ್ಕಿಕೊಳ್ಳುತ್ತದೆ, ‘ಹ’ ಸಲೀಸು. ಹೆಚ್ಚಿನ ಹಣ ತೆರುತ್ತಿದ್ದುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನ ಉಗ್ಗು ಕಡಿಮೆಯಾಗಿದೆ ಎಂದೇ ತಂದೆ ತಿಳಿದಿದ್ದರು. ಪದವನ್ನು ತಪ್ಪಿಸಿ ಓಡುವುದೂ ಉಗ್ಗಿನ ಭಾಗವೇ; ನನ್ನ ಲೆಕ್ಕದಲ್ಲಿ ಅದು ಹೆಚ್ಚಾಗಿತ್ತು.

ಹಾಗಾಗಿ ಚಿಕಿತ್ಸೆ ಶುರುವಾಗುವುದು ಉಗ್ಗನ್ನು ಅಡಗಿಸುವುದರಿಂದಲ್ಲ, ಹತ್ತಿರದಿಂದ ನೋಡುವುದರಿಂದ. ಮಗು ಶ್ವಾಸಕೋಶ, ಗಂಟಲು, ನಾಲಿಗೆ, ತುಟಿಗಳ ಚಿತ್ರ ಬರೆದು, ಪದ ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ಬಣ್ಣ ಹಚ್ಚುತ್ತದೆ. ‘ಕ’ ಹೇಳುವಾಗ ನಾಲಿಗೆಯ ಹಿಂಭಾಗ ಮೇಲಕ್ಕೆ ಒತ್ತಿಕೊಂಡು ಬಿಡಲೊಲ್ಲದು ಎಂಬುದನ್ನು ತಾನೇ ಪತ್ತೆ ಮಾಡುತ್ತದೆ. ಆಮೇಲೆ ಬೇಕೆಂದೇ ಉಗ್ಗುವ ಆಟ: ನಾನು ಉಗ್ಗುತ್ತೇನೆ, ಮಗು ನನ್ನ ತಪ್ಪು ತಿದ್ದುತ್ತದೆ, ‘ಇನ್ನೂ ಬಿಗಿಯಾಗಿ!’ ಎಂದು ಗದರುತ್ತದೆ. ಇದನ್ನು ಕಂಡ ಅಜ್ಜಿಯರು ಗಾಬರಿಯಾಗುವುದುಂಟು. ಆದರೆ ಬೇಕೆಂದೇ ತರಿಸಿಕೊಂಡ ಬಿಗಿಯನ್ನು ಸಡಿಲಿಸಲು ಕಲಿತ ಮೇಲೆ, ತಾನಾಗಿ ಬಂದ ಬಿಗಿಯಲ್ಲೂ ಅದನ್ನೇ ಪ್ರಯತ್ನಿಸಬಹುದು. ಪದ ಸಿಕ್ಕಿಕೊಂಡಾಗ ಹಿಂದೆ ಸರಿಯದೆ ಅಲ್ಲೇ ನಿಂತು, ಒತ್ತಡ ಇಳಿಸಿ, ನಿಧಾನವಾಗಿ ಮುಂದಿನ ಸ್ವರಕ್ಕೆ ಜಾರುವುದು. ಉಗ್ಗು ಇರುತ್ತದೆ, ಗುದ್ದಾಟ ಇರುವುದಿಲ್ಲ.

ಆ ಹುಡುಗನಿಗೆ ಕೊನೆಗೆ ಕೊಟ್ಟ ಮನೆಪಾಠ, ಕಂಡಕ್ಟರ್ ಬಳಿ ಕಮಲಾಪುರದ ಟಿಕೆಟನ್ನೇ ಕೇಳುವುದು, ಉಗ್ಗಿಯಾದರೂ ಸರಿ. ಮೊದಲು ಚಿಕಿತ್ಸಾ ಕೋಣೆಯಲ್ಲಿ, ನಂತರ ಅಣ್ಣನೊಡನೆ, ಆಮೇಲೆ ಬಸ್ಸಿನಲ್ಲಿ.

‘ನಿಧಾನಕ್ಕೆ ಹೇಳು’, ‘ಉಸಿರು ತೆಗೆದುಕೋ’ ಎನ್ನುವುದನ್ನು ಮನೆಯವರು ಬಿಡಬೇಕು. ಪದವನ್ನು ಪೂರ್ತಿ ಮಾಡಿಕೊಡುವುದನ್ನೂ. ಶಿಕ್ಷಕರು ಅಣಕಿಸುವವರನ್ನು ತಡೆಯಲಿ, ಗಟ್ಟಿಯಾಗಿ ಓದುವ ಸರದಿಯನ್ನು ಮೊದಲೇ ಕೊಡಲಿ; ಕಾದಷ್ಟೂ ಭಯ ಏರುತ್ತದೆ. ಓದುವುದರಿಂದ ವಿನಾಯಿತಿ ಬೇಕೇ ಎಂಬುದನ್ನು ಮಗುವನ್ನೇ ಕೇಳಿ.

ವಾಕ್ ಚಿಕಿತ್ಸಕರ ಬಳಿ ಬರುವಾಗ, ಮನೆಯಲ್ಲಿ ಮಗು ಮಾತನಾಡುವ ಎರಡು ನಿಮಿಷದ ವಿಡಿಯೊವನ್ನು ಮಗುವಿಗೆ ಹೇಳಿಯೇ ಮಾಡಿ ತನ್ನಿ. ನಮ್ಮೆದುರು ಎಷ್ಟೋ ಮಕ್ಕಳು ಒಮ್ಮೆಯೂ ಉಗ್ಗುವುದಿಲ್ಲ.