ಆ ಶೇ 14.6ರೊಳಗೆ ಯಾರ್ಯಾರಿದ್ದಾರೆ?

ಅಮೆರಿಕದ ಮಹಾ ಆರ್ಥಿಕ ಕುಸಿತವನ್ನು ಎರಡನೇ ಮಹಾಯುದ್ಧವೇ ಮುಗಿಸಿತು ಎನ್ನುವವರು ಸಾಮಾನ್ಯವಾಗಿ ಮುಂದಿಡುವ ಲೆಕ್ಕ ಇದು: 1940ರಲ್ಲೂ ನಿರುದ್ಯೋಗ ಶೇ 14.6, 1944ರಲ್ಲಿ ಶೇ 1.2. ಅಂಕಿಗಳೇನೂ ಸುಳ್ಳಲ್ಲ. ಅವುಗಳೊಳಗೆ ಯಾರನ್ನು ಎಣಿಸಿದ್ದಾರೆ ಎಂದು ನೋಡದೆಯೇ ವಾದ ಹೂಡುತ್ತಾರಲ್ಲ, ತಲೆ ಕೆಡುವುದು ಅಲ್ಲಿ.

ಈ ಅಂಕಿಗಳ ಸರಣಿ ಅರ್ಥಶಾಸ್ತ್ರಜ್ಞ ಸ್ಟ್ಯಾನ್ಲಿ ಲೆಬರ್ಗಾಟ್ ಅವರದು. 1935ರಲ್ಲಿ ರೂಸ್‌ವೆಲ್ಟ್ ಸರ್ಕಾರ ಶುರುಮಾಡಿದ ಡಬ್ಲ್ಯೂಪಿಎ (ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್) ಎಂಬ, ನಿರುದ್ಯೋಗಿಗಳಿಗೆ ಕೆಲಸ ಕೊಡುವ ಪರಿಹಾರ ಕಾಮಗಾರಿಗಳಲ್ಲಿ ರಸ್ತೆ, ಶಾಲೆ, ವಿಮಾನ ನಿಲ್ದಾಣ ಕಟ್ಟಿ ಸಂಬಳ ಪಡೆದವರೂ ಇದರಲ್ಲಿ ನಿರುದ್ಯೋಗಿಗಳೇ. 1938ರ ಕೊನೆಯ ಹೊತ್ತಿಗೆ ಅಂಥವರು 30 ಲಕ್ಷ ದಾಟಿದ್ದರು. 1976ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಮೈಕಲ್ ಡಾರ್ಬಿ ಇಂಥ ಸರ್ಕಾರಿ ಪರಿಹಾರ ಕೆಲಸಗಾರರನ್ನು ಉದ್ಯೋಗಸ್ಥರ ಸಾಲಿಗೆ ಸೇರಿಸಿದಾಗ 1940ರ ಅಂಕಿ ಶೇ 9.5ಕ್ಕೆ ಇಳಿಯಿತು. ಬೆವರು ಸುರಿಸಿ ರಸ್ತೆ ಹಾಕಿದವನನ್ನು ಕೆಲಸವಿಲ್ಲದವನು ಎನ್ನುವುದು ನನಗೂ ಒಪ್ಪಿಗೆಯಿಲ್ಲ. ಆದರೂ ಡಾರ್ಬಿ ಸರಣಿಯೇ ಅಂತಿಮ ಎನ್ನಲಾರೆ. ಆ ಕೆಲಸ ಸಿಗಬೇಕಾದರೆ ಬಡತನ ಸಾಬೀತಾಗಬೇಕಿತ್ತು, ಸಾಮಾನ್ಯವಾಗಿ ಮನೆಗೊಬ್ಬರಿಗೇ ಅವಕಾಶ. ಕಾಯಂ ನೌಕರಿ ಹುಡುಕುತ್ತಲೇ ಅಲ್ಲಿ ದುಡಿಯುತ್ತಿದ್ದವರು ಬಹಳ.

ಇನ್ನು ಆ 1.2. ನಿರುದ್ಯೋಗದ ದರದ ಛೇದದಲ್ಲಿರುವುದು ನಾಗರಿಕ ಶ್ರಮಬಲ ಮಾತ್ರ. 1940ರ ಸೆಪ್ಟೆಂಬರಿನಲ್ಲಿ ಕಡ್ಡಾಯ ಸೇನಾ ಭರ್ತಿಯ ಕಾನೂನು ಬಂತು. ಆ ವರ್ಷದ ನಡುವೆ 5 ಲಕ್ಷಕ್ಕೂ ಕಡಿಮೆಯಿದ್ದ ಸೇನಾಬಲ 1945ಕ್ಕೆ 1.2 ಕೋಟಿ ಮುಟ್ಟಿತು. ಸಮವಸ್ತ್ರ ತೊಟ್ಟವರು ಅಂಶ, ಛೇದ ಎರಡರಿಂದಲೂ ಮಾಯ! ಹಾಗಾಗಿ ಸೈನಿಕರನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ದರ ಲೆಕ್ಕಹಾಕಿ. ಲೆಬರ್ಗಾಟ್, ಡಾರ್ಬಿ ಇಬ್ಬರ ಸರಣಿಗಳನ್ನೂ ಅಕ್ಕಪಕ್ಕ ಇಡಿ.

ಹಾಗೆ ಇಟ್ಟರೆ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. 1937ರಿಂದ 1938ಕ್ಕೆ ನಿರುದ್ಯೋಗ ಲೆಬರ್ಗಾಟ್ ಸರಣಿಯಲ್ಲಿ ಶೇ 14.3 ಇದ್ದದ್ದು 19.0 ಆಗುತ್ತದೆ, ಡಾರ್ಬಿಯದರಲ್ಲಿ 9.1 ಇದ್ದದ್ದು 12.5. ಅಮೆರಿಕದ ಕೇಂದ್ರೀಯ ಬ್ಯಾಂಕ್ ಫೆಡರಲ್ ರಿಸರ್ವ್ 1936ರ ಆಗಸ್ಟಿನಿಂದ 1937ರ ಮೇವರೆಗೆ ಮೂರು ಹಂತಗಳಲ್ಲಿ ಬ್ಯಾಂಕುಗಳು ಸಾಲ ಕೊಡದೆ ತೆಗೆದಿಡಬೇಕಾದ ಕಡ್ಡಾಯ ಮೀಸಲನ್ನು ಇಮ್ಮಡಿ ಮಾಡಿತ್ತು, ಸರ್ಕಾರವೂ ಖರ್ಚು ಬಿಗಿಹಿಡಿದಿತ್ತು. ಈ ಏರಿಕೆಯಲ್ಲಿ ಇವೆರಡರಲ್ಲಿ ಯಾವುದರ ಪಾಲು ಎಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ.

ಯುದ್ಧದ ಪಾತ್ರವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಔನ್ಸಿಗೆ 20.67 ಡಾಲರ್ ಇದ್ದ ಚಿನ್ನದ ಅಧಿಕೃತ ಬೆಲೆ 1934ರಲ್ಲಿ 35 ಡಾಲರ್ ಆಯಿತು. ಆ ಬೆಲೆಯ ಜೊತೆಗೆ ಹಿಟ್ಲರನ ಭಯವೂ ಸೇರಿ ಯುರೋಪಿನ ಚಿನ್ನ ಅಟ್ಲಾಂಟಿಕ್ ದಾಟಿ ಬಂದು ಅಮೆರಿಕದ ಹಣದ ಪೂರೈಕೆಯನ್ನು ಹಿಗ್ಗಿಸಿತು. ಮಿತ್ರರಾಷ್ಟ್ರಗಳಿಗೆ ಅಮೆರಿಕ ಯುದ್ಧಸಾಮಗ್ರಿ ಒದಗಿಸಲು ದಾರಿಮಾಡಿದ ಲೆಂಡ್-ಲೀಸ್ ಕಾನೂನು ಬಂದದ್ದಾದರೂ 1941ರ ಮಾರ್ಚಿನಲ್ಲಿ. 1930ರ ದಶಕದ ಚೇತರಿಕೆಗೆ ಯುದ್ಧದ ನಂಟು ಹುಡುಕುವವರು ಶಸ್ತ್ರಾಸ್ತ್ರದ ಆರ್ಡರುಗಳಿಗಿಂತ ಮೊದಲು ಈ ಚಿನ್ನದ ಲೆಕ್ಕ ತೆರೆಯಲಿ.