ಸಂದು ಬಿಟ್ಟು ಕೂರಿಸಿ

"ಎರಡು ಗೋಡೆ ನಡುವೆ 900 ಮಿ.ಮೀ. ಜಾಗ ಇದೆ, 900ರ ವ್ಯಾನಿಟಿ ಮಾಡಿಕೊಡಿ" ಎಂದು ಬರುವವರು ಜಾಸ್ತಿ. ವ್ಯಾನಿಟಿ ಅಂದರೆ ಬಾತ್‌ರೂಮಿನಲ್ಲಿ ಬೇಸಿನ್ ಕೆಳಗೆ ಕೂರುವ, ಮೇಲೆ ಕಲ್ಲು ಹಾಕಿದ ಮರದ ಬಾಕ್ಸ್. ಎಲ್ಲಿ ಅಳೆದಿರಿ ಎಂದು ಕೇಳುತ್ತೇನೆ. ಸೊಂಟದ ಎತ್ತರದಲ್ಲಿ, ಮುಂದುಗಡೆ, ಒಂದೇ ಸಲ ಟೇಪ್ ಹಿಡಿದಿರುತ್ತಾರೆ.

ಗೋಡೆ ನೋಡೋಕೆ ನೆಟ್ಟಗಿರುತ್ತದೆ, ಅಷ್ಟೆ. ಮೂಲೆಯಲ್ಲಿ ಗಾರೆ ದಪ್ಪ ಕೂತು ಹಿಂದುಗಡೆ ಜಾಗ ಕಿರಿದಾಗಿರುವುದುಂಟು. ನೆಲದ ಹತ್ತಿರ, ನಡುವೆ, ಮೇಲಿನ ಕಲ್ಲು ಕೂರುವ ಎತ್ತರದಲ್ಲಿ ಅಳೆಯಿರಿ. ಪ್ರತಿ ಎತ್ತರದಲ್ಲೂ ಹಿಂದೊಂದು, ಮುಂದೊಂದು. ಆರು ಅಳತೆಯಲ್ಲಿ ಚಿಕ್ಕದು ಯಾವುದೋ ಅದೇ ನಿಮ್ಮ ಜಾಗ. ಮೂಲೆ ಸರಿ ಇದೆಯಾ ಅಂತ ನೋಡಲು ಮೂಲೆಯಿಂದ ಒಂದು ಗೋಡೆಯಲ್ಲಿ 60 ಸೆಂ.ಮೀ., ಇನ್ನೊಂದರಲ್ಲಿ 80 ಸೆಂ.ಮೀ. ಗುರುತು ಹಾಕಿ. ಎರಡು ಗುರುತಿನ ನಡುವೆ ಸರಿಯಾಗಿ 100 ಬರಬೇಕು.

ಮೊದಮೊದಲು ನಾನೂ ಎಡವಿದ್ದೇನೆ. ಟೈಲ್ಸ್ ಹಾಕುವ ಮುಂಚೆಯೇ ಅಳೆದು ಬಾಕ್ಸ್ ಮಾಡಿಸಿದ್ದೆ. ಟೈಲ್ 8 ಮಿ.ಮೀ., ಅಂಟು 4. ಎರಡು ಗೋಡೆಗೆ 24 ಮಿ.ಮೀ. ಹೋಯಿತು! ಬಾಕ್ಸ್ ಬಾತ್‌ರೂಮಿನ ಮಧ್ಯದಲ್ಲೇ ನಿಂತಿತು. ಬಿಚ್ಚಿ, ಕೊಯ್ದು, ಮತ್ತೆ ಕಟ್ಟಿದ್ದಾಯಿತು.

ಈಗ ಚಿಕ್ಕ ಅಳತೆಗಿಂತ ಎರಡೂ ಕಡೆ ತಲಾ 25 ಮಿ.ಮೀ. ಕಡಿಮೆ ಮಾಡುತ್ತೇನೆ. ಸುಮ್ನೆ ಜಾಗ ಹಾಳು ಅಂತ ಮನೆಯವರ ಮುಖ ಸಣ್ಣದಾಗುತ್ತದೆ. ಆದರೆ ಗೋಡೆಗೆ ಒತ್ತಿ ಕೂರಿಸಿದರೆ ಬಾಗಿಲು ತೆರೆದಾಗ ಹಿಡಿ ಟೈಲ್ಸ್‌ಗೆ ಬಡಿಯುತ್ತದೆ. ಗೋಡೆ ಸ್ವಲ್ಪ ಒಳಗೆ ವಾಲಿದ್ದರೂ ಡ್ರಾಯರ್ ಉಜ್ಜುತ್ತದೆ. ಹಿಡಿ ದಪ್ಪ ಇದ್ದರೆ 25 ಕೂಡ ಸಾಲದು, ಅದನ್ನು ಕೈಯಲ್ಲಿ ಹಿಡಿದೇ ಲೆಕ್ಕ ಹಾಕಿ.

ಉಳಿದ ಸಂದನ್ನು ಮುಂದುಗಡೆ ಒಂದು ಪಟ್ಟಿ ಮುಚ್ಚುತ್ತದೆ. ಈ ಕೆಲಸ ನನಗೆ ಬಹಳ ಇಷ್ಟ. ಪಟ್ಟಿಯನ್ನು ಸಂದಿಗಿಂತ ಸ್ವಲ್ಪ ಅಗಲ ಇಟ್ಟುಕೊಳ್ಳಿ. ಗೋಡೆಗೆ ಆನಿಸಿ ನೆಟ್ಟಗೆ ನಿಲ್ಲಿಸಿ. ಕೈವಾರದ ಒಂದು ಕಾಲು ಗೋಡೆ ಸವರುತ್ತಾ ಇಳಿಯಲಿ, ಇನ್ನೊಂದು ಪಟ್ಟಿಯ ಮೇಲೆ ಗೆರೆ ಎಳೆಯಲಿ. ಗೋಡೆಯ ಉಬ್ಬು ತಗ್ಗೆಲ್ಲ ಗೆರೆಯಲ್ಲಿ ಬರುತ್ತದೆ. ಗೆರೆ ಉಳಿಸಿ ಕೊಯ್ದು, ಕೀಸುಳಿಯಿಂದ ಗೆರೆಯವರೆಗೆ ಕೀಸಿದರೆ ಕೂದಲೂ ತೂರದ ಹಾಗೆ ಕೂರುತ್ತದೆ.

ಮೇಲಿನ ಕಲ್ಲು ಮುಂದಿನಿಂದ ಜಾರಿ ಒಳಗೆ ಹೋಗಬೇಕು ಅಲ್ವಾ? ಹಿಂದೆ ಅಗಲ, ಮುಂದೆ ಕಿರಿದು ಇದ್ದಲ್ಲಿ ಹಿಂದಿನ ಅಳತೆಗೆ ಕೊಯ್ದ ಕಲ್ಲು ಒಳಗೇ ಹೋಗದು. ಎರಡೂ ಬದಿ 3 ಮಿ.ಮೀ. ಬಿಡಿ. ಆ ಸಂದಿಗೆ ಸಿಮೆಂಟ್ ಬೇಡ, ಸಿಲಿಕೋನ್ ಹಾಕಿ. ಕಲ್ಲು ಹೊತ್ತ ಮರ, ಗೋಡೆ ಬೇರೆ ಬೇರೆಯಾಗಿ ಅಲುಗುತ್ತವೆ, ಸಿಮೆಂಟ್ ಬಿರುಕು ಬಿಡುತ್ತದೆ.

ಬೇಸಿನ್‌ನ ನಡು ಪಕ್ಕದ ಗೋಡೆಯಿಂದ ಕನಿಷ್ಠ 380 ಮಿ.ಮೀ. ದೂರ ಇರಲಿ, ಇಲ್ಲದಿದ್ದರೆ ಮುಖ ತೊಳೆಯುವಾಗ ಮೊಣಕೈ ಗೋಡೆಗೆ ತಾಗುತ್ತದೆ. 1200ರ ಜಾಗದಲ್ಲಿ ಎರಡು ಬೇಸಿನ್ ಕೇಳಿದರೆ ನಾನು ಒಪ್ಪುವುದಿಲ್ಲ; ಎರಡು ಗೋಡೆಯಿಂದ 380 ಬಿಟ್ಟರೆ ಎರಡು ಬೇಸಿನ್ ನಡುಗಳ ಮಧ್ಯೆ 440 ಮಾತ್ರ ಉಳಿಯುತ್ತದೆ.

ಪಕ್ಕದ ಪಟ್ಟಿಗಳನ್ನು ಅಂಟಿಸಬೇಡಿ, ಬಾಕ್ಸಿನ ಒಳಗಿಂದ ಸ್ಕ್ರೂ ಹಾಕಿ. ಪೈಪ್ ಸೋರಿದ ದಿನ ಅವನ್ನು ಬಿಚ್ಚಿ ಬಾಕ್ಸನ್ನು ಹೊರಗೆಳೆಯಬೇಕಾಗುತ್ತದೆ.