ಯಾರ ಕ್ರೇಟು, ಯಾರ ಲೆಕ್ಕ?

ಕೋಲಾರದ ಎಪಿಎಂಸಿ ಅಂಗಳದಲ್ಲಿ ಟೊಮೆಟೊ ಸುಗ್ಗಿಯ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಎತ್ತ ನೋಡಿದರೂ 15 ಕೆ.ಜಿ. ಕ್ರೇಟುಗಳ ಗೋಡೆ. ಹಣ್ಣಿನ ಮುಖ ನೋಡಿ ಒಡೆಯನನ್ನು ಹೇಳಲಾಗದು. ಕ್ರೇಟಿನ ಮೈಮೇಲೆ ಬಳಿದ ಎರಡಕ್ಷರವೇ ಗುರುತು.

ಮಂಡಿಗಳ ಲೆಕ್ಕವೂ ಈಗ ಹಾಗೆಯೇ ಒಂದೆಡೆ ಪೇರಿಸಿಕೊಂಡಿದೆ. ಮಂಡಿಗೊಂದು ತಂತ್ರಾಂಶ ಮಾಡಿಕೊಡುವುದು ದುಬಾರಿ. ಹಾಗಾಗಿ ಒಂದೇ ಸರ್ವರ್, ಹತ್ತಾರು ಬಾಡಿಗೆದಾರರು. ಎಲ್ಲರ ಬಿಲ್ಲುಗಳೂ ಒಂದೇ ಕೋಷ್ಟಕದಲ್ಲಿ. ಪ್ರತಿ ಸಾಲಿನಲ್ಲೂ ಇರುವ ‘ಮಂಡಿ ಸಂಖ್ಯೆ’ಯೇ ಇಲ್ಲಿ ಕ್ರೇಟಿನ ಎರಡಕ್ಷರ.

ಪರಿಚಯದ ಗುಮಾಸ್ತರೊಬ್ಬರ ಪಕ್ಕ ಕುಳಿತಿದ್ದೆ. ಬ್ರೌಸರಿನ ವಿಳಾಸದ ತುದಿಯಲ್ಲಿ 4182 ಎಂಬ ಬಿಲ್ ಸಂಖ್ಯೆ ಕಂಡಿತು. ಕೈ ಸುಮ್ಮನಿರದೆ 2 ಅಳಿಸಿ 3 ಒತ್ತಿದೆ. ಪಕ್ಕದ ಮಂಡಿಯ ಬಿಲ್ಲು ತೆರೆದುಕೊಂಡಿತು: ರೈತನ ಹೆಸರು, ಕ್ರೇಟುಗಳ ಲೆಕ್ಕ, ಕೊಟ್ಟ ಮುಂಗಡ. ಗುಮಾಸ್ತರು ನನ್ನ ಮುಖ ಬಿಟ್ಟು ಬಾಗಿಲು ನೋಡಿದರು. ದರ ಗುಟ್ಟಲ್ಲ, ಹರಾಜಿನಲ್ಲಿ ಎಲ್ಲರೆದುರೇ ಕೂಗುತ್ತಾರೆ. ಯಾರಿಗೆ ಎಷ್ಟು ಮುಂಗಡ ಎಂಬುದು ಗುಟ್ಟು.

ಇಲ್ಲಿ ಯಾರೂ ಪಾಸ್‌ವರ್ಡ್ ಕದ್ದಿರಲಿಲ್ಲ. ‘ನೀನು ಯಾರು’ ಎಂದು ತಂತ್ರಾಂಶ ಬಾಗಿಲಲ್ಲಿ ಸರಿಯಾಗಿಯೇ ಕೇಳಿತ್ತು. ‘ಈ ಬಿಲ್ಲು ನಿನ್ನದೇನು?’ ಎಂದು ಒಳಗೆ ಕೇಳಲಿಲ್ಲ. ವೆಬ್ ದೋಷಗಳ ಪಟ್ಟಿ ಮಾಡುವ ಒವಾಸ್ಪ್ ಸಂಸ್ಥೆ 2017ರಲ್ಲಿ ಈ ಬಗೆಯ ದೋಷವನ್ನು ಐದನೆಯದಾಗಿ ಎಣಿಸಿತ್ತು, 2021ರಲ್ಲಿ ಮೊದಲನೆಯದಾಗಿ. ನನಗೇನೂ ಆಶ್ಚರ್ಯವಿಲ್ಲ. ಲಾಗಿನ್ ಪುಟ ಒಂದೇ, ಎಲ್ಲರ ಕಣ್ಣೂ ಅಲ್ಲೇ. ಮಾಹಿತಿ ಕೇಳುವ ಆದೇಶಗಳೋ ನೂರಾರು. ಪ್ರತಿಯೊಂದರಲ್ಲೂ ‘ಈ ಮಂಡಿಯದು ಮಾತ್ರ’ ಎಂದು ಬರೆಯಬೇಕು. ಒಂದರಲ್ಲಿ ಮರೆತರೂ ಸಾಕು.

ಹೀಗಾಗಿ ಕಾವಲನ್ನು ಮಾಹಿತಿಯ ಉಗ್ರಾಣದೊಳಗೇ, ಅಂದರೆ ದತ್ತಸಂಚಯದಲ್ಲೇ, ಕೂರಿಸುವುದು ಮೇಲು. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯದಲ್ಲಿ 2016ರ ಜನವರಿಯಲ್ಲಿ ಬಂದ 9.5ನೇ ಆವೃತ್ತಿಯಿಂದ ಇದಕ್ಕೆ ದಾರಿಯಿದೆ. ಕೇಳಿದವರ ಮಂಡಿ ಸಂಖ್ಯೆಗೆ ತಾಳೆಯಾಗದ ಸಾಲುಗಳನ್ನು ಅದು ತಾನೇ ಮರೆಮಾಡುತ್ತದೆ, ಪ್ರೋಗ್ರಾಮರ್ ಮರೆತರೂ. ಆದರೆ ಆ ಸಂಖ್ಯೆ ಲಾಗಿನ್ ಆದವರ ದಾಖಲೆಯಿಂದ ಸರ್ವರಿನಲ್ಲೇ ಹುಟ್ಟಬೇಕು, ಬ್ರೌಸರ್ ಹೇಳಿದ್ದನ್ನು ನಂಬಕೂಡದು. ಇನ್ನೊಂದು ಕುತ್ತು: ಕೋಷ್ಟಕದ ಒಡೆಯನಿಗೆ, ಅಂದರೆ ದತ್ತಸಂಚಯದಲ್ಲಿ ಅದು ಯಾವ ಖಾತೆಯ ಹೆಸರಿನಲ್ಲಿದೆಯೋ ಆ ಖಾತೆಗೆ, ಈ ಕಟ್ಟುಪಾಡು ತಾನಾಗಿ ಅನ್ವಯಿಸುವುದಿಲ್ಲ. ತಂತ್ರಾಂಶ ಒಡೆಯನ ಹೆಸರಿನಲ್ಲೇ ಒಳಹೊಕ್ಕರೆ, ಕಾವಲುಗಾರ ಸಲಾಂ ಹೊಡೆದು ಬಿಟ್ಟಂತೆ.

ದತ್ತಸಂಚಯ ಭದ್ರವಾಗಿದ್ದರೂ ಸೋರುವ ಜಾಗಗಳಿವೆ. 2015ರ ಕ್ರಿಸ್‌ಮಸ್ ದಿನ ಸ್ಟೀಮ್ ಎಂಬ ಆಟಗಳ ಅಂಗಡಿಯಲ್ಲಿ, ವೇಗಕ್ಕೆಂದು ತೆಗೆದಿಟ್ಟ ಪುಟಗಳು ಅದಲುಬದಲಾಗಿ ಸುಮಾರು 34,000 ಬಳಕೆದಾರರ ವಿವರಗಳು ಬೇರೆಯವರಿಗೆ ಕಾಣುವಂತಾಗಿದ್ದವು.

ಮರುವಾರ ಮತ್ತೆ 4183 ಒತ್ತಿದೆ. ‘ಇಂಥ ಬಿಲ್ಲು ಇಲ್ಲ’ ಎಂದು ಬಂತು. ಜಾಣತನದ ಉತ್ತರ; ‘ನಿಮಗೆ ಅನುಮತಿ ಇಲ್ಲ’ ಎಂದಿದ್ದರೆ ಬಿಲ್ಲು ಇರುವುದಾದರೂ ತಿಳಿದುಬಿಡುತ್ತಿತ್ತು. ಗುಮಾಸ್ತರಿಗೆ ಸಮಾಧಾನವಾಗಲಿಲ್ಲ. “ನಮ್ಮ 4182ನ್ನು ಅವರು ಎಷ್ಟು ದಿನ ನೋಡಿದರೋ?” ಎಂದರು. ಯಾರು ಯಾವ ಪುಟ ತೆರೆದರೆಂಬ ದಾಖಲೆಯನ್ನು ಆ ಸರ್ವರ್ ಇಟ್ಟೇ ಇರಲಿಲ್ಲ.